ನಮ್ಮ ಹೊಲದ ಎತ್ತರವೆಷ್ಟು?

ನಮ್ಮ ಹೊಲವು ಎಪ್ಪತ್ತು ಮೀಟರ್ ನೀರಿನ ಅಡಿಯಲ್ಲಿದೆ ಎಂಬ ಸಂಗತಿ ನಮಗೆ ಗೊತ್ತಾದದ್ದು ಕಳೆದ ವರ್ಷದ ದೀಪಾವಳಿಯಲ್ಲಿ. ಆಗ ನಾವು ಅಣ್ಣತಮ್ಮಂದಿರು ಮೂವರೂ ಅದೇ ಹೊಲದ ಬಾವಿಯ ದಂಡೆಯ ಮೇಲೆ ನಿಂತಿದ್ದೆವು. ಕಾಲಿಗೆ ಕೆಸರು ಕೂಡ ಅಂಟಿರಲಿಲ್ಲ. ಮೊಳಕಾಲುದ್ದದ ಬಿಳಿಜೋಳ ಗಾಳಿಗೆ ತೂಗುತ್ತಿತ್ತು. ಮುಂಬಯಿಯಿಂದ ಬಂದಿದ್ದ ಅಣ್ಣನವರು ಜೇಬಿನಿಂದ ಮೊಬೈಲನ್ನು ತೆಗೆದು, ಎತ್ತರ ತೋರಿಸುವ ಆ್ಯಪನ್ನು ತೆರೆದು, ಕನ್ನಡಕವನ್ನು ಹಣೆಗೇರಿಸಿ ಗಟ್ಟಿಯಾಗಿ ಓದಿದರು: ‘೪೪೮ ಮೀಟರ್!’

ಆಲಮಟ್ಟಿಯ ಜಲಾಶಯ ತುಂಬಿದಾಗ ನೀರಿನ ಮಟ್ಟ ೫೧೯.೬ ಮೀಟರ್ ಎಂಬುದನ್ನು ಬಾಗಲಕೋಟೆಯ ಸೀಮೆಯಲ್ಲಿ ಶಾಲೆಗೆ ಹೋಗುವ ಹುಡುಗನೂ ಬಲ್ಲ. ೫೧೯ರಲ್ಲಿ ೪೪೮ನ್ನು ಕಳೆದರೆ ಉಳಿಯುವುದೆಷ್ಟು? ಎಪ್ಪತ್ತೊಂದು. ಅಂದರೆ ಜಲಾಶಯ ತುಂಬಿದ್ದ ಆ ದಿನ ನಮ್ಮ ತಲೆಯ ಮೇಲೆ ಇಪ್ಪತ್ತು ಅಂತಸ್ತಿನ ಕಟ್ಟಡದಷ್ಟು ನೀರು ನಿಂತಿರಬೇಕಾಗಿತ್ತು!

“ಹಂಗಾದ್ರ ನಾವೆಲ್ಲಾ ಈಗ ಮೀನ ಆಗೇವಿ ಅನ್ರಿ ಅಣ್ಣಾ,” ಎಂದು ಹೈದರಾಬಾದಿನ ತಮ್ಮನು ನಕ್ಕುಬಿಟ್ಟನು.

ನಾವೂ ನಕ್ಕೆವು. ಆದರೆ ಅಣ್ಣನವರು ನಗಲಿಲ್ಲ. ಏಕೆಂದರೆ ಆ ದಿನ ನಾವು ಹೊಲಕ್ಕೆ ಹೋದದ್ದು ಜೋಳ ನೋಡುವುದಕ್ಕಲ್ಲ. ಅಲ್ಲಿ ಒಂದು ಮನೆ ಕಟ್ಟಬಹುದೋ ಕಟ್ಟಬಾರದೋ ಎಂಬುದನ್ನು ತೀರ್ಮಾನಿಸುವುದಕ್ಕೆ.

ಹೊರನಾಡಿನಲ್ಲಿ ನೆಲೆಸಿದ ಕನ್ನಡಿಗರ ಮನಸ್ಸನ್ನು ವಾಚಕರಿಗೆ ನಾವು ಬಿಡಿಸಿ ಹೇಳಬೇಕಾಗಿಲ್ಲ. ಮೂವತ್ತು ವರ್ಷ ಪುಣೆಯಲ್ಲಿ ದುಡಿದರೂ, ಮಕ್ಕಳು ಮರಾಠಿಯಲ್ಲಿ ಜಗಳವಾಡುವಷ್ಟು ಪಳಗಿದರೂ, ನಿವೃತ್ತಿಯ ದಿನ ಸಮೀಪಿಸಿದಂತೆ ಮನಸ್ಸು ಸೊಲ್ಲಾಪುರ, ವಿಜಯಪುರಗಳ ಮಾರ್ಗವಾಗಿ ಊರಿನ ಕಡೆಗೆ ಹೊರಟೇಬಿಡುತ್ತದೆ. ಘಟಪ್ರಭೆಯ ದಂಡೆಯಲ್ಲಿ ತಂದೆಯವರು ಬಿಟ್ಟುಹೋದ ನಾಲ್ಕು ಎಕರೆ ಹೊಲವಿದೆ. ಊರೊಳಗಿನ ಹಳೆಯ ಮನೆಯಲ್ಲಿ ನಮ್ಮ ಅಕ್ಕ ಇದ್ದಾಳೆ. ಹೊಲದ ಬಾವಿಯ ಪಕ್ಕದಲ್ಲಿ ಮೂರು ಖೋಲಿಯ ಒಂದು ಮನೆ, ಮುಂದೊಂದು ಪಡಸಾಲೆ; ಇಷ್ಟೇ ನಮ್ಮ ಆಸೆ. ಆದರೆ ಆ ಆಸೆಗೆ ಅಡ್ಡವಾಗಿ ಒಂದು ಅಂಕಿ ನಿಂತಿತ್ತು.

*ಎರಡು ಅಂಕಿಗಳ ನಾಡು*

ಬಾಗಲಕೋಟೆಯ ಕಡೆ ಎರಡು ಅಂಕಿಗಳು ಜನರ ಬಾಯಲ್ಲಿ ದೇವರ ಹೆಸರಿನಂತೆ ಓಡಾಡುತ್ತವೆ: ‘ಐದನೂರಾ ಹತ್ತೊಂಬತ್ತು’ ಮತ್ತು ‘ಐದನೂರಾ ಇಪ್ಪತ್ತನಾಲ್ಕು’. ೧೯೬೪ರಲ್ಲಿ ಲಾಲ್ ಬಹಾದುರ್ ಶಾಸ್ತ್ರಿಯವರು ಅಡಿಗಲ್ಲನ್ನಿಟ್ಟ ಆಲಮಟ್ಟಿ ಅಣೆಕಟ್ಟೆಯ ನೀರು ೫೧೯.೬ ಮೀಟರಿನ ವರೆಗೆ ನಿಲ್ಲಬಹುದೆಂದು ಸರ್ವೋಚ್ಚ ನ್ಯಾಯಾಲಯವು ೨೦೦೦ದಲ್ಲಿ ಹೇಳಿತು. ಆ ನೀರಿನಲ್ಲಿ ಹಳೆಯ ಬಾಗಲಕೋಟೆಯ ಎಷ್ಟೋ ಓಣಿಗಳು ಮುಳುಗಿ, ನವನಗರವೆಂಬ ಹೊಸ ಊರೇ ಎದ್ದಿತು. ಬಾಗಲಕೋಟೆಗೆ ‘ಮುಳುಗಡೆ ನಗರಿ’ ಎಂಬ ಹೆಸರು ಬಂದದ್ದು ಹೀಗೆ. ಅನಂತರ ೨೦೧೦ರಲ್ಲಿ ಕೃಷ್ಣಾ ನ್ಯಾಯಮಂಡಳಿಯು ಮಟ್ಟವನ್ನು ೫೨೪.೨೫೬ ಮೀಟರಿಗೆ ಏರಿಸಬಹುದೆಂದು ತೀರ್ಪಿತ್ತಿತು. ಆ ತೀರ್ಪಿನ ಮೇಲೆ ವ್ಯಾಜ್ಯಗಳೂ ನಡೆದವು. ಮಹಾರಾಷ್ಟ್ರವೂ ಸಾಂಗಲಿ, ಕೊಲ್ಲಾಪುರಗಳ ಮಹಾಪೂರವನ್ನು ಮುಂದೆ ಮಾಡಿ ಆಕ್ಷೇಪಿಸಿತು. ಆ ರಾಜಕೀಯ ನಮಗೆ ಇಲ್ಲಿ ಬೇಡ. ನಮಗೆ ಬೇಕಾದದ್ದು ಒಂದೇ ಕಳೆಯುವ ಲೆಕ್ಕ: ೫೨೪.೨೫೬ರಲ್ಲಿ ೫೧೯.೬ ಹೋದರೆ ಉಳಿಯುವುದು ೪.೬೫೬ ಮೀಟರ್. ಈ ನಾಲ್ಕೂವರೆ ಮೀಟರಿನ ಪಟ್ಟಿಯೊಳಗೆ ಯಾರ ಹೊಲ, ಯಾರ ಮನೆ, ಯಾರ ಗುಡಿ ಬರುತ್ತದೆ ಎಂಬುದೇ ಆ ನಾಡಿನ ದೊಡ್ಡ ಪ್ರಶ್ನೆ.

ಯಾವ ಭೂಮಿ ಸ್ವಾಧೀನಕ್ಕೆ ಬರುತ್ತದೆ ಎಂಬುದನ್ನು ನಿಶ್ಚಯಿಸತಕ್ಕದ್ದು ಸರ್ಕಾರದ ಮೋಜಣಿ. ಆದರೆ ಅದಕ್ಕೂ ಮೊದಲೇ ತಿಳಿದುಕೊಳ್ಳುವ ಆತುರ ಮನುಷ್ಯನಿಗೆ ಇದ್ದದ್ದೇ. ನಮ್ಮೂರಿನ ಜಮೀನಿನ ದಲ್ಲಾಳಿಯೊಬ್ಬರು, “ನಿಮ್ಮ ಹೊಲಾ ಐದನೂರಾ ಇಪ್ಪತ್ತೆಂಟರ ಮ್ಯಾಲೈತ್ರಿ. ನಾನs ಮೊಬೈಲದಾಗ ನೋಡೇನಿ. ಗಂಟಿ ಹೊಡದಂಗ ಮನಿ ಕಟ್ರಿ,” ಎಂದಿದ್ದರು. ಅದೇ ಹೊಲದಲ್ಲಿ ಅಣ್ಣನವರ ಮೊಬೈಲು ೪೪೮ ಎಂದಿತು. ಎರಡೂ ಮೊಬೈಲೇ. ಯಾವುದನ್ನು ನಂಬೋಣ?

*ನಾಲ್ಕು ನಕ್ಷೆ, ನಾಲ್ಕು ಮಾತು*

ಈ ಗೊಂದಲದಲ್ಲಿ ನಮಗೆ ನೆನಪಾದವಳು ಅಣ್ಣನವರ ಮಗಳು. ಅವಳು ಸಿವಿಲ್ ಇಂಜಿನಿಯರಿಂಗ್ ಓದಿ, ನಕ್ಷೆಗಳ ಕೆಲಸವನ್ನೇ ವೃತ್ತಿ ಮಾಡಿಕೊಂಡಿದ್ದಾಳೆ. ಡಿಸೆಂಬರಿನಲ್ಲಿ ಎರಡು ದಿನದ ಮಟ್ಟಿಗೆ ಪುಣೆಯ ನಮ್ಮ ಮನೆಗೆ ಬಂದಾಗ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಬಿಚ್ಚಿ ಕುಳಿತಳು. ಕ್ಯೂಜಿಐಎಸ್ ಎಂಬ ತಂತ್ರಾಂಶವೊಂದಿದೆ. ಯಾರು ಬೇಕಾದರೂ ಹಣ ಕೊಡದೆ ಇಳಿಸಿಕೊಳ್ಳಬಹುದು. ಹಾಳೆಯ ಮೇಲೆ ಹಾಳೆಯನ್ನು ಹಾಸಿದಂತೆ ಒಂದೇ ಊರಿನ ಬೇರೆಬೇರೆ ನಕ್ಷೆಗಳನ್ನು ಅದರಲ್ಲಿ ಒಂದರ ಮೇಲೊಂದು ಇಟ್ಟು ನೋಡಬಹುದು. ಅವಳು ನಮ್ಮ ಹೊಲದ ಬಾವಿಯ ಮೇಲೆ ಒಂದು ಚುಕ್ಕೆ ಇಟ್ಟು, ನಾಲ್ಕು ಕಡೆಯಿಂದ ಎತ್ತರದ ಅಂಕಿಗಳನ್ನು ತರಿಸಿದಳು.

ಮೊದಲನೆಯದು ಅಮೆರಿಕದ ನಾಸಾದವರದು. ೨೦೦೦ದ ಫೆಬ್ರವರಿಯಲ್ಲಿ ಎಂಡೆವರ್ ಎಂಬ ಗಗನನೌಕೆಯು ಹನ್ನೊಂದು ದಿನ ಭೂಮಿಯನ್ನು ಸುತ್ತಿ, ರಾಡಾರಿನಿಂದ ಭೂಮಿಯ ಬಹುಭಾಗದ ಏರುತಗ್ಗುಗಳನ್ನು ಅಳೆಯಿತು. ಒಂದು ಕಣ್ಣು ನೌಕೆಯಲ್ಲಿ, ಇನ್ನೊಂದು ಕಣ್ಣು ಅದರಿಂದ ಹೊರಚಾಚಿದ ಅರವತ್ತು ಮೀಟರ್ ಉದ್ದದ ಕಂಬದ ತುದಿಯಲ್ಲಿ. ನಮಗೆ ಎರಡು ಕಣ್ಣುಗಳಿಂದ ದೂರ-ಹತ್ತಿರ ತಿಳಿಯುವಂತೆಯೇ ಅದಕ್ಕೂ. ಎಸ್‌ಆರ್‌ಟಿಎಂ ಎಂದು ಇದರ ಹೆಸರು. ನಮ್ಮ ಬಾವಿಗೆ ಅದು ಕೊಟ್ಟ ಎತ್ತರ ೫೨೬ ಮೀಟರ್.

ಎರಡನೆಯದು ಜಪಾನ್ ಮತ್ತು ಅಮೆರಿಕ ಕೂಡಿ ಮಾಡಿದ ಆಸ್ಟರ್. ಇದು ರಾಡಾರಲ್ಲ, ಛಾಯಾಚಿತ್ರ. ಒಂದೇ ನೆಲವನ್ನು ಎರಡು ಕೋನಗಳಿಂದ ತೆಗೆದು ಎತ್ತರವನ್ನು ಲೆಕ್ಕ ಹಾಕಿದ್ದು. ಮೋಡ ಅಡ್ಡ ಬಂದಲ್ಲಿ ಇಲ್ಲದ ಗುಂಡಿ, ಇಲ್ಲದ ದಿಬ್ಬ ತೋರುವುದು ಇದರ ದೋಷ. ಅದು ಹೇಳಿದ್ದು ೫೧೪.

ಮೂರನೆಯದು ಯುರೋಪಿನ ಕೊಪರ್ನಿಕಸ್. ಜರ್ಮನಿಯ ಎರಡು ರಾಡಾರ್ ಉಪಗ್ರಹಗಳು ಜೋಡೆತ್ತಿನಂತೆ ಒಟ್ಟಿಗೆ ಹಾರಿ, ೨೦೧೧ರಿಂದ ೨೦೧೫ರ ವರೆಗೆ ಅಳೆದದ್ದು. ಅದರ ಮಾತು ೫೨೪.

ನಾಲ್ಕನೆಯದು ನಮ್ಮ ಇಸ್ರೋದ್ದೇ. ೨೦೦೫ರ ಮೇ ತಿಂಗಳಲ್ಲಿ ಹಾರಿಸಿದ ಕಾರ್ಟೊಸ್ಯಾಟ್-೧ ಉಪಗ್ರಹದಲ್ಲಿ ಒಂದು ಮುಂದಕ್ಕೆ ವಾಲಿದ, ಇನ್ನೊಂದು ಹಿಂದಕ್ಕೆ ವಾಲಿದ ಎರಡು ಕ್ಯಾಮರಾಗಳಿದ್ದವು. ಆ ಚಿತ್ರಗಳಿಂದ ಸಿದ್ಧವಾದ ಎತ್ತರದ ನಕ್ಷೆಯನ್ನು ‘ಭುವನ್’ ತಾಣದಲ್ಲಿ ಕೊಡುತ್ತಾರೆ. ನಮ್ಮವರದೆಂಬ ಅಭಿಮಾನದಿಂದ ಕಾದು ನೋಡಿದೆವು. ಬಂದ ಅಂಕಿ ೪೪೭!

“ಇದೂ ಮುಳುಗಿಸಿತಲ್ಲ ನಮ್ಮನ್ನ!” ಎಂದು ನಮ್ಮ ಗೃಹಿಣಿ ಅಡಿಗೆಮನೆಯಿಂದಲೇ ಕೂಗಿದಳು.

ಸಂಜೆ ಅಣ್ಣತಮ್ಮಂದಿರಿಬ್ಬರಿಗೂ ಫೋನು ಹೋಯಿತು. ಆಗ ನಡೆದ ಮಾತುಕತೆಯನ್ನು ನಾವು ಸ್ವಲ್ಪ ನಾಚಿಕೆಯಿಂದಲೇ ಬರೆಯುತ್ತೇವೆ. ಹೊಲವನ್ನು ಮಾರಿಬಿಡಬೇಕೆಂದಿದ್ದ ಅಣ್ಣನವರು, “ಆಸ್ಟರ್ ಹೇಳೂದು ಖರೇ ಇರಬೇಕು. ೫೧೪ ಅಂದ್ರ ಮುಳುಗಡೀನs,” ಎಂದರು. ಮನೆ ಕಟ್ಟಲೇಬೇಕೆಂದಿದ್ದ ತಮ್ಮನು, “ನಾಸಾದಾವ್ರ ಸುಳ್ಳ ಹೇಳತಾರೇನು? ೫೨೬ ಐತಿ, ಕಟ್ಟೂಣು,” ಎಂದನು. ಯಾರನ್ನೂ ನೋಯಿಸಲಾರದ ನಾವು ಮಧ್ಯಸ್ಥರಾಗಿ ನಾಲ್ಕನ್ನೂ ಕೂಡಿಸಿ ಸರಾಸರಿ ತೆಗೆಯೋಣವೆಂದೆವು.

ಮಗು ನಕ್ಕಳು. “ಕಾಕಾ, ಒಂದು ಸೇರು ಜೋಳ, ಒಂದು ಕಿಲೋ ಜೋಳ, ಒಂದು ಚೀಲ ಜೋಳ, ಮೂರೂ ಕೂಡಿಸಿ ಮೂರರಿಂದ ಭಾಗಿಸಿದ್ರ ಏನ ಬರತೈತಿ ಹೇಳ್ರಿ ನೋಡೂಣು?”

ನಮ್ಮಲ್ಲಿ ಉತ್ತರವಿರಲಿಲ್ಲ. ಮೂವರೂ ವಿದ್ಯಾವಂತರೇ; ಆದರೆ ಮೂವರೂ ಅಂಕಿಯನ್ನು ಹುಡುಕುತ್ತಿರಲಿಲ್ಲ, ತಮ್ಮ ಮನಸ್ಸಿನಲ್ಲಿ ಮೊದಲೇ ಇದ್ದ ತೀರ್ಮಾನಕ್ಕೆ ಸಾಕ್ಷಿಯನ್ನು ಹುಡುಕುತ್ತಿದ್ದೆವು.

*ಸೊನ್ನೆ ಎಲ್ಲಿದೆ?*

ರೈಲಿನಲ್ಲಿ ಊರಿಗೆ ಹೋಗುವಾಗ ನಿಲ್ದಾಣದ ಹಳದಿ ಹಲಗೆಯ ಕೆಳಗೆ ಸಮುದ್ರಮಟ್ಟದಿಂದ ಇಷ್ಟು ಮೀಟರ್ ಎಂದು ಬರೆದಿರುವುದನ್ನು ವಾಚಕರೆಲ್ಲರೂ ನೋಡಿದ್ದೀರಿ. ಎತ್ತರವೆಂದರೆ ಯಾವುದೋ ಒಂದು ಸೊನ್ನೆಯಿಂದ ಎಣಿಸಿದ ಅಂತರ. ನಮ್ಮ ದೇಶದಲ್ಲಿ ಆ ಸೊನ್ನೆಯನ್ನು ನಿಲ್ಲಿಸುವುದಕ್ಕೆ ಎಷ್ಟು ಶ್ರಮ ಬಿದ್ದಿದೆ ಬಲ್ಲಿರಾ? ೧೭೬೭ರಲ್ಲಿ ಹುಟ್ಟಿದ ಭಾರತೀಯ ಸರ್ವೇಕ್ಷಣ ಇಲಾಖೆಯವರು ೧೮೫೮ರಿಂದ ೧೯೦೯ರ ವರೆಗೆ, ಅರ್ಧ ಶತಮಾನ ಕಾಲ, ಕರಾವಳಿಯ ಒಂಬತ್ತು ಬಂದರುಗಳಲ್ಲಿ ಅಳೆದ ಸಮುದ್ರದ ಸರಾಸರಿ ಮಟ್ಟವನ್ನು ಹಿಡಿದು, ಮೈಲಿಗಟ್ಟಲೆ ನಡೆದು, ಒಳನಾಡಿನ ಊರೂರಿಗೆ ಆ ಮಟ್ಟವನ್ನು ಹೊತ್ತು ತಂದು ಕಲ್ಲುಗಳಲ್ಲಿ ಕೊರೆದಿಟ್ಟರು. ಅಣೆಕಟ್ಟೆಯ ೫೧೯.೬ ಎಂಬ ಅಂಕಿಯೂ ಸಮುದ್ರಮಟ್ಟದಿಂದ ಎಣಿಸಿದ್ದೇ.

ಉಪಗ್ರಹಕ್ಕೆ ಸಮುದ್ರ ಗೊತ್ತಿಲ್ಲ. ಅದು ಭೂಮಿಯನ್ನು ಧ್ರುವಗಳಲ್ಲಿ ಕೊಂಚ ಚಪ್ಪಟೆಯಾದ ಒಂದು ನುಣುಪಾದ ಗೋಲವೆಂದು ಕಲ್ಪಿಸಿ, ಆ ಕಲ್ಪನೆಯ ಮೈಯಿಂದ ಎತ್ತರವನ್ನು ಎಣಿಸುತ್ತದೆ. ಆದರೆ ನಿಜವಾದ ಸಮುದ್ರ ಅಷ್ಟು ನುಣುಪಲ್ಲ. ಭೂಮಿಯ ಸೆಳೆತ ಎಲ್ಲ ಕಡೆ ಒಂದೇ ತೆರನಾಗಿಲ್ಲವಾದ್ದರಿಂದ ಸಮುದ್ರದ ಮೈಯೂ ಒಂದು ಕಡೆ ಉಬ್ಬಿ ಇನ್ನೊಂದು ಕಡೆ ತಗ್ಗಿದೆ. ಇಡೀ ಪ್ರಪಂಚದಲ್ಲಿ ಅತಿ ದೊಡ್ಡ ತಗ್ಗು ಇರುವುದು ಬೇರೆಲ್ಲಿಯೂ ಅಲ್ಲ, ಸಿಂಹಳದ ದಕ್ಷಿಣಕ್ಕಿರುವ ಹಿಂದೂ ಮಹಾಸಾಗರದಲ್ಲಿ. ಅಲ್ಲಿ ಸಮುದ್ರವು ಆ ಕಲ್ಪಿತ ಮೈಗಿಂತ ಸುಮಾರು ೧೦೬ ಮೀಟರ್ ಕೆಳಗಿದೆ. ಅದರ ಪ್ರಭಾವ ದಕ್ಷಿಣ ಭಾರತದ ಮೇಲೆಲ್ಲ ಹರಡಿದೆ. ಚೆನ್ನೈಯ ನಮ್ಮ ಬಂಧುಗಳು ಸಮುದ್ರದ ತೆರೆಯಲ್ಲಿ ಕಾಲಿಟ್ಟು ನಿಂತು ಉಪಗ್ರಹದ ಹಸಿ ಅಂಕಿಯನ್ನು ನೋಡಿದರೆ, ತಾವು ಸೊನ್ನೆಗಿಂತ ಎಂಬತ್ತು ಮೀಟರಿಗೂ ಹೆಚ್ಚು ಕೆಳಗಿರುವುದಾಗಿ ಕಾಣುತ್ತದೆ! ನಮ್ಮ ಹೊಲದ ಬಳಿ ಈ ವ್ಯತ್ಯಾಸ ಎಪ್ಪತ್ತೈದರ ಆಸುಪಾಸು.

ಈಗ ಗಂಟು ಬಿಚ್ಚಿತು. ಅಣ್ಣನವರ ಮೊಬೈಲಿನ ಆ್ಯಪು ಉಪಗ್ರಹದ ಹಸಿ ಅಂಕಿಯನ್ನು ಹಾಗೆಯೇ ತೋರಿಸಿತ್ತು. ಕೆಲವು ಆ್ಯಪುಗಳು ತಿದ್ದಿ ತೋರಿಸುತ್ತವೆ, ಕೆಲವು ತಿದ್ದುವುದಿಲ್ಲ. ಕಾರ್ಟೊಸ್ಯಾಟಿನ ನಕ್ಷೆಯೂ ಆ ಕಲ್ಪಿತ ಮೈಯಿಂದಲೇ ಎಣಿಸಿದ್ದು. ಉಳಿದ ಮೂರು ಸಮುದ್ರಮಟ್ಟಕ್ಕೆ ತಿದ್ದಿದವು. ಮಗು ತಂತ್ರಾಂಶದಲ್ಲಿಯೇ ಆ ತಿದ್ದುಪಡಿಯನ್ನು ಮಾಡಿದಳು: ೪೪೭ಕ್ಕೆ ೭೫ ಕೂಡಿಸಿ ೫೨೨. ಇಸ್ರೋದವರು ನಮ್ಮನ್ನು ಮುಳುಗಿಸಿರಲಿಲ್ಲ. ಅವರ ಸೊನ್ನೆಯನ್ನು ನಾವು ಕೇಳಿರಲಿಲ್ಲ, ಅಷ್ಟೇ.

ಇದು ನಮ್ಮಂಥ ಅರೆತಿಳಿದವರು ಮಾತ್ರ ಮಾಡುವ ತಪ್ಪೆಂದು ತಿಳಿಯಬೇಡಿ. ಜರ್ಮನಿ ಮತ್ತು ಸ್ವಿಟ್ಜರ್ಲೆಂಡುಗಳ ನಡುವೆ ರೈನ್ ನದಿಯ ಮೇಲೆ ಲೌಫೆನ್‌ಬುರ್ಗ್ ಎಂಬಲ್ಲಿ ಎರಡು ದಡಗಳಿಂದಲೂ ಒಂದು ಸೇತುವೆಯನ್ನು ಕಟ್ಟುತ್ತ ಬಂದರು. ಜರ್ಮನಿಯ ಸೊನ್ನೆ ಉತ್ತರ ಸಮುದ್ರದ್ದು, ಸ್ವಿಸ್ ಜನರ ಸೊನ್ನೆ ಮೆಡಿಟರೇನಿಯನ್ ಸಮುದ್ರದ್ದು. ಎರಡಕ್ಕೂ ೨೭ ಸೆಂಟಿಮೀಟರ್ ವ್ಯತ್ಯಾಸ. ಇಂಜಿನಿಯರರಿಗೆ ಅದು ಗೊತ್ತೇ ಇತ್ತು. ಆದರೆ ತಿದ್ದುವಾಗ ಕೂಡಿಸತಕ್ಕಲ್ಲಿ ಕಳೆದರು. ೨೦೦೩ರಲ್ಲಿ ನೋಡಿದರೆ ವ್ಯತ್ಯಾಸವು ಹೋಗುವುದಕ್ಕೆ ಬದಲು ಇಮ್ಮಡಿಸಿ ೫೪ ಸೆಂಟಿಮೀಟರ್ ಆಗಿತ್ತು!

*ನೆಲದ ಎತ್ತರವೋ, ಕಬ್ಬಿನ ಎತ್ತರವೋ?*

ಸೊನ್ನೆ ಒಂದಾದ ಮೇಲೂ ೫೨೬, ೫೧೪, ೫೨೪, ೫೨೨ ಎಂಬ ಭೇದ ಉಳಿಯಿತಲ್ಲ? ಮಗು ಒಂದು ನಕ್ಷೆಯಿಂದ ಇನ್ನೊಂದನ್ನು ಕಳೆದು, ವ್ಯತ್ಯಾಸವನ್ನೇ ಬಣ್ಣದ ಚಿತ್ರವಾಗಿ ತೋರಿಸಿದಳು. ಹೆಚ್ಚಿದ್ದಲ್ಲಿ ಕೆಂಪು, ಕಡಿಮೆಯಿದ್ದಲ್ಲಿ ನೀಲಿ. ನೋಡುತ್ತ ನೋಡುತ್ತ ನಮಗೆ ಊರೇ ಕಣ್ಣಿಗೆ ಕಟ್ಟಿತು. ಹಳ್ಳದ ದಂಡೆಯ ಜಾಲಿಯ ಸಾಲು ಕೆಂಪಾಗಿತ್ತು, ಊರೊಳಗಿನ ಮಾಳಿಗೆಗಳು ಕೆಂಪಾಗಿದ್ದವು. ಉಪಗ್ರಹವು ಮೇಲಿನಿಂದ ನೋಡುವಂಥದು. ಮೊದಲು ಕಂಡದ್ದನ್ನು ಅಳೆಯುತ್ತದೆ. ಅಲ್ಲಿ ಕಬ್ಬು ಇದ್ದರೆ ಕಬ್ಬಿನ ತಲೆ, ಮರವಿದ್ದರೆ ಮರದ ಕೊಂಬೆ. ಒಂದು ನಕ್ಷೆ ತೆಗೆದ ಕಾಲದಲ್ಲಿ ಕಬ್ಬು ನಿಂತಿದ್ದಿರಬೇಕು, ಇನ್ನೊಂದರ ಕಾಲದಲ್ಲಿ ಕಟಾವಾಗಿರಬೇಕು.

ಗೌರೀಶಂಕರದಂಥ ಎತ್ತರದ ಹಿಮಾಲಯಕ್ಕೂ ಈ ಪೇಚು ತಪ್ಪಿಲ್ಲ. ೧೮೫೬ರಲ್ಲಿ ಎವರೆಸ್ಟ್ ಶಿಖರದ ಎತ್ತರ ೨೯,೦೦೨ ಅಡಿಯೆಂದು ಪ್ರಕಟವಾಯಿತು; ಆ ಲೆಕ್ಕಾಚಾರದಲ್ಲಿ ಬಂಗಾಳದ ರಾಧಾನಾಥ ಸಿಕ್ದಾರರ ಪರಿಶ್ರಮ ಪ್ರಸಿದ್ಧವಾದದ್ದು. ನಾವು ಶಾಲೆಯಲ್ಲಿ ಬಾಯಿಪಾಠ ಮಾಡಿದ ೮,೮೪೮ ಮೀಟರ್ ೧೯೫೦ರ ದಶಕದ ಭಾರತೀಯ ಸರ್ವೇಕ್ಷಣದ್ದು. ೨೦೦೫ರಲ್ಲಿ ಚೀನದವರು ೮,೮೪೪.೪೩ ಎಂದರು. ಅವರು ಮಂಜನ್ನು ಬಿಟ್ಟು ಬಂಡೆಯನ್ನು ಅಳೆದಿದ್ದರು. ೨೦೨೦ರಲ್ಲಿ ನೇಪಾಳವೂ ಚೀನವೂ ಕೂಡಿ ೮,೮೪೮.೮೬ ಎಂದು ಒಪ್ಪಿದವು. ಅದು ಮಂಜಿನ ತಲೆಯ ಎತ್ತರ. ಪರ್ವತ ಒಂದೇ, ಎಲ್ಲಿಯ ವರೆಗೆ ಅಳೆದೆವು ಎಂಬುದರಲ್ಲಿ ಭೇದ.

ಇನ್ನೊಂದು ಮಾತು. ಈ ನಾಲ್ಕೂ ನಕ್ಷೆಗಳಲ್ಲಿ ಒಂದೊಂದು ಚೌಕ ಸುಮಾರು ಮೂವತ್ತು ಮೀಟರ್ ಉದ್ದ, ಮೂವತ್ತು ಮೀಟರ್ ಅಗಲ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಹತ್ತಿರ ಹತ್ತಿರ ಒಂಬತ್ತು ಗುಂಟೆ. ಒಂಬತ್ತು ಗುಂಟೆ ನೆಲಕ್ಕೆ ಒಂದೇ ಅಂಕಿ! ಅದರಲ್ಲಿ ಬಾವಿಯ ದಂಡೆಯೂ ಬಂತು, ಪಕ್ಕದ ಬದುವೂ ಬಂತು, ಕೆಳಗಿನ ತಗ್ಗೂ ಬಂತು. ನಕ್ಷೆಯನ್ನು ಅರ್ಧ ಚೌಕ ಅತ್ತ ಸರಿಸಿದರೂ ಇಳಿಜಾರಿನ ಹೊಲದಲ್ಲಿ ಎತ್ತರ ಬದಲಾಗುತ್ತದೆ.

ಕೊನೆಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಮಾಡಿದವರು ತಮ್ಮ ತಪ್ಪಿನ ಮಿತಿಯನ್ನು ತಾವೇ ಬರೆದಿಟ್ಟಿದ್ದಾರೆ, ಓದುವವರು ನಾವಲ್ಲ. ಎಸ್‌ಆರ್‌ಟಿಎಂ ಯೋಜನೆಯ ಕರಾರು, ನೂರಕ್ಕೆ ತೊಂಬತ್ತು ಕಡೆ ತಪ್ಪು ೧೬ ಮೀಟರಿನೊಳಗೆ ಇರಬೇಕೆಂದು. ಕಾರ್ಟೊಸ್ಯಾಟಿನದು ೮ ಮೀಟರ್, ಕೊಪರ್ನಿಕಸ್ಸಿನದು ೪. ಅನೇಕ ಕಡೆ ಅವು ಇದಕ್ಕಿಂತ ಎಷ್ಟೋ ಉತ್ತಮವಾಗಿವೆ. ಆದರೆ ನಿಮ್ಮ ಹೊಲದಲ್ಲಿ ಉತ್ತಮವಾಗಿವೆಯೋ ಇಲ್ಲವೋ ಎಂದು ಅವು ಹೇಳಲಾರವು. ನಮ್ಮ ಪ್ರಶ್ನೆಯೋ ನಾಲ್ಕೂವರೆ ಮೀಟರಿನದು. ಎಮ್ಮೆ ತೂಗುವ ತಕ್ಕಡಿಯಲ್ಲಿ ಬಂಗಾರ ತೂಗಲು ಕುಳಿತಿದ್ದೆವು ನಾವು! ತಕ್ಕಡಿಯ ತಪ್ಪಲ್ಲ ಅದು.

“ಹಂಗಾದ್ರ ಇಷ್ಟೆಲ್ಲಾ ಮಾಡಿದ್ದು ದಂಡ ಏನು?” ಎಂದು ಕೇಳಿದೆವು.

“ದಂಡ ಅಲ್ಲ ಕಾಕಾ. ಅಂಕಿ ಬಿಡ್ರಿ, ಆಕಾರ ನೋಡ್ರಿ,” ಎಂದು ಅವಳು ಊರಿನಿಂದ ಹೊಲದ ವರೆಗೆ ಒಂದು ಗೆರೆ ಎಳೆದಳು. ಆ ಗೆರೆಯ ಉದ್ದಕ್ಕೂ ನೆಲ ಹೇಗೆ ಏರಿ ಇಳಿಯುತ್ತದೆ ಎಂಬುದನ್ನು ನಾಲ್ಕು ನಕ್ಷೆಗಳೂ ನಾಲ್ಕು ಬಣ್ಣದಲ್ಲಿ ತೋರಿಸಿದವು. ಒಂದು ಮೇಲೆ, ಒಂದು ಕೆಳಗೆ. ಆದರೆ ನಾಲ್ಕೂ ಒಂದೇ ಜಾಗದಲ್ಲಿ ಬಾಗುತ್ತಿದ್ದವು. ಅದು ಹಳ್ಳದ ಸಿಡಿ, ಎಂದರೆ ಊರಿಂದ ಹೊಲಕ್ಕೆ ಬರುವ ದಾರಿಯ ಮೋರಿ. ಹೊಲಕ್ಕಿಂತ ಎರಡು ಮೂರು ಮೀಟರ್ ತಗ್ಗು ಎಂದು ನಾಲ್ಕೂ ಏಕಕಂಠದಿಂದ ಹೇಳಿದವು. ಹೊಲ ಉಳಿದರೂ ದಾರಿ ಮೊದಲು ಮುಳುಗುತ್ತದೆ. ಮೂವರು ಅಣ್ಣತಮ್ಮಂದಿರಲ್ಲಿ ಒಬ್ಬರಿಗೂ ಇದು ಹೊಳೆದಿರಲಿಲ್ಲ.

*ಅಕ್ಕನ ಮೆಟ್ಟಿಲು*

ಸಂಕ್ರಾಂತಿಗೆ ಮತ್ತೆ ಊರಿಗೆ ಹೋದೆವು. ಈ ಸಲ ಸನ್ನದು ಪಡೆದ ಒಬ್ಬ ಮೋಜಣಿದಾರರನ್ನು ಗೊತ್ತುಮಾಡಿದ್ದೆವು. ಮೂರು ಕಾಲಿನ ಮೇಲೆ ನಿಂತ ಲೆವೆಲ್ ಯಂತ್ರ, ಕೆಂಪು-ಕಪ್ಪು ಗುರುತಿನ ಉದ್ದನೆಯ ಪಟ್ಟಿ. ನಮ್ಮ ತಂದೆಯವರ ಕಾಲದಲ್ಲಿ ಇದ್ದ ಸಾಮಗ್ರಿಯೇ. ಕಾಲುವೆಯ ಕಟ್ಟಡದ ಮೇಲೆ ಎತ್ತರ ಕೊರೆದಿಟ್ಟ ಕಲ್ಲೊಂದರಿಂದ ಹೊರಟು, ಹಿಂದಿನ ಪಟ್ಟಿಯನ್ನು ಓದು, ಮುಂದಿನ ಪಟ್ಟಿಯನ್ನು ಓದು, ಕಳೆ, ಬರೆದುಕೋ ಎಂದು ಹೆಜ್ಜೆಹೆಜ್ಜೆಯಾಗಿ ಮಟ್ಟವನ್ನು ಹೊತ್ತು ಬಂದರು.

ಅಕ್ಕ ಜೋಳದ ರೊಟ್ಟಿಯ ಬುತ್ತಿ ತಂದು ನೋಡುತ್ತ ನಿಂತಿದ್ದಳು. “ಅದೇನ ಹುಡುಕಾಕ ಹತ್ತೀರಿ ಇಷ್ಟ ದಿನಾ?” ಎಂದು ಕೇಳಿದಳು. ಎಲ್ಲವನ್ನೂ ಹೇಳಿದೆವು. ಉಪಗ್ರಹ, ರಾಡಾರು, ಜಪಾನು, ಜರ್ಮನಿ.

“ಎರಡ ಸಾವಿರದ ಹತ್ತೊಂಬತ್ತರ ಹೊಳಿ ಬಂದಾಗ ನೀರು ಹಣಮಪ್ಪನ ಗುಡಿ ಮೂರನೇ ಮೆಟ್ಟಲಾ ಮುಟ್ಟಿತ್ತು. ಸಿಡೀ ಮ್ಯಾಲೆ ಆಳುದ್ದ ನೀರು. ನಾಕ ದಿನಾ ಹೊಲಕ್ಕ ಹೋಗಾಕ ಆಗಿದ್ದಿಲ್ಲ. ನಮ್ಮ ಹೊಸ್ತಲಕ್ಕ ಒಂದೂವರಿ ಅಡಿ ಉಳದಿತ್ತು. ಇದನ್ನ ಯಾರೂ ನನ್ನ ಕೇಳಲೇ ಇಲ್ಲ,” ಎಂದಳು ಅಕ್ಕ. ಸ್ವಲ್ಪ ತಡೆದು, “ನೀವು ಕಟ್ಟಲಾರದ ಮನೀ ಎತ್ತರ ಅಳ್ಯಾಕ ಹತ್ತೀರಿ. ನಾ ಇರೂ ಮನೀದು ಅಳೀರಲಾ,” ಎಂದಳು.

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮೋಜಣಿದಾರರು ಮಾತಿಲ್ಲದೆ ಯಂತ್ರವನ್ನೆತ್ತಿ ಊರ ಕಡೆ ತಿರುಗಿದರು.

ಸಂಜೆಗೆ ಹೊರಟ ಕಲ್ಲಿಗೇ ಮರಳಿ ಬಂದು ಲೆಕ್ಕ ಮುಚ್ಚಿದಾಗ ತಪ್ಪು ಹದಿನಾಲ್ಕು ಮಿಲಿಮೀಟರ್. ಅಂಕಿಗಳು ಇವು: ಹೊಲದ ಬಾವಿಯ ದಂಡೆ ೫೨೩.೭ ಮೀಟರ್. ಹಳ್ಳದ ಸಿಡಿ ೫೨೧.೨. ಗುಡಿಯ ಮೂರನೆಯ ಮೆಟ್ಟಿಲು ೫೨೨.೬. ಅಕ್ಕನ ಮನೆಯ ಹೊಸ್ತಿಲು ೫೨೩.೧. ಮೆಟ್ಟಿಲಿಗೂ ಹೊಸ್ತಿಲಿಗೂ ಅರ್ಧ ಮೀಟರ್. ಅಕ್ಕನ ‘ಒಂದೂವರೆ ಅಡಿ’ ಕರಾರುವಾಕ್ಕಾಗಿತ್ತು.

ಆ ಮೆಟ್ಟಿಲಿನ ಅಂಕಿ ನಮಗೆ ಇನ್ನೊಂದು ಪಾಠವನ್ನೂ ಕಲಿಸಿತು. ಅಣೆಕಟ್ಟೆಯಲ್ಲಿ ನೀರಿನ ಮಟ್ಟ ೫೧೯.೬ ಇದ್ದರೆ ಎಲ್ಲ ಕಡೆಯೂ ೫೧೯.೬ ಎಂದು ನಾವು ತಿಳಿದಿದ್ದೆವು. ಕೆರೆಯಲ್ಲಿ ನಿಂತ ನೀರಿಗೆ ಆ ಮಾತು ಸರಿ. ಮಹಾಪೂರದಲ್ಲಿ ಹರಿದು ಬರುವ ನದಿಯ ಮೈ ಮೇಲ್ಭಾಗದ ಕಡೆಗೆ ಏರುತ್ತ ಹೋಗುತ್ತದೆ. ಹಿನ್ನೀರಿನ ಸ್ವಭಾವವೇ ಹಾಗೆ. ಆದ್ದರಿಂದಲೇ ನಮ್ಮೂರಿನಲ್ಲಿ ನೀರು ೫೨೨.೬ಕ್ಕೆ ಬಂದಿತ್ತು. ಮುಂದೆಂದಾದರೂ ಅಣೆಕಟ್ಟೆಯ ನೀರು ೫೨೪.೨೫೬ಕ್ಕೆ ನಿಂತರೆ ಬಾವಿಯ ದಂಡೆಯ ಮೇಲೆ ಅರ್ಧ ಮೀಟರಿಗಿಂತ ಹೆಚ್ಚು ನೀರು. ಅಕ್ಕನ ಹೊಸ್ತಿಲ ಮೇಲೆ ನಾಲ್ಕಡಿಗೆ ಸ್ವಲ್ಪವೇ ಕಡಿಮೆ. ಅದೂ ನದಿ ಶಾಂತವಾಗಿರುವ ದಿನದ ಲೆಕ್ಕ.

ಆ ರಾತ್ರಿ ಪಡಸಾಲೆಯಲ್ಲಿ ಕುಳಿತಾಗ ಅಣ್ಣನವರು ೫೧೪ರ ಮಾತೆತ್ತಲಿಲ್ಲ, ತಮ್ಮನು ೫೨೬ರ ಮಾತೆತ್ತಲಿಲ್ಲ. ಹೊಲದಲ್ಲಿ ಮನೆ ಕಟ್ಟುವುದು ಬೇಡವೆಂದು ಮೂವರೂ ಒಪ್ಪಿದೆವು. ಹೊಲವನ್ನು ಮಾರುವುದೂ ಬೇಡ. ನೆಲ ಇರುವ ವರೆಗೆ ಅಕ್ಕ ಜೋಳ ಬೆಳೆಯಲಿ. ಮನೆಗೆಂದು ಕೂಡಿಟ್ಟ ಹಣದಲ್ಲಿ ದಿನ್ನೆಯ ಮೇಲಿನ ಊರಿನಲ್ಲಿ ಅಕ್ಕನ ಹೆಸರಿಗೆ ಒಂದು ಸಣ್ಣ ಮನೆ ನೋಡಬೇಕೆಂದು ಮಾತಾಯಿತು. ಅಕ್ಕ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. “ಅಲ್ಲೀ ಎತ್ತರಾ ಅಳದs ತಗೋರಿ,” ಎಂದಳು, ಅಷ್ಟೇ.

*ವಾಚಕರಲ್ಲಿ ಒಂದು ಮಾತು*

ನಮ್ಮ ಸಂಘದ ಕುಟುಂಬಗಳಲ್ಲಿ ಊರಿನ ಕಡೆ ನಿವೇಶನ ನೋಡುತ್ತಿರುವವರು, ತೋಟದ ಮನೆಯ ಕನಸು ಕಾಣುತ್ತಿರುವವರು ಅನೇಕರಿದ್ದೀರಿ. ಘಟಪ್ರಭೆಯ ದಂಡೆಯೇ ಆಗಬೇಕೆಂದಿಲ್ಲ. ಮಲಪ್ರಭೆ, ಭೀಮೆ, ತುಂಗಭದ್ರೆ, ಕಾಳಿ, ಯಾವುದೇ ಹೊಳೆಯ ದಂಡೆಯಾಗಲಿ, ಪುಣೆ-ಹೈದರಾಬಾದುಗಳ ಹೊಸ ಬಡಾವಣೆಯ ನಾಲೆಯ ಪಕ್ಕವೇ ಆಗಲಿ, ಯಾರಾದರೂ ಮೊಬೈಲ್ ತೋರಿಸಿ ‘ಇಷ್ಟು ಎತ್ತರವಿದೆ’ ಎಂದರೆ ಐದು ಪ್ರಶ್ನೆಗಳನ್ನು ಕೇಳಿರಿ. ಈ ಅಂಕಿಯ ಸೊನ್ನೆ ಯಾವುದು: ಸಮುದ್ರವೋ, ಉಪಗ್ರಹದ ಕಲ್ಪಿತ ಮೈಯೋ? ಅಳೆದದ್ದು ನೆಲವನ್ನೋ, ಅದರ ಮೇಲಿನ ಬೆಳೆ-ಮರ-ಮಾಳಿಗೆಗಳನ್ನೋ? ಯಾವ ವರ್ಷ ಅಳೆದದ್ದು, ಅನಂತರ ಅಲ್ಲಿ ಮಣ್ಣು ತುಂಬಿದ್ದಾರೆಯೋ, ತೆಗೆದಿದ್ದಾರೆಯೋ? ಒಂದು ಅಂಕಿ ಎಷ್ಟು ಗುಂಟೆ ನೆಲಕ್ಕೆ? ಕೊನೆಯದಾಗಿ, ಅದರ ತಪ್ಪಿನ ಮಿತಿ ನಿಮ್ಮ ಪ್ರಶ್ನೆಗಿಂತ ಚಿಕ್ಕದೋ ದೊಡ್ಡದೋ?

ಬೇರೆಬೇರೆ ನಕ್ಷೆಗಳನ್ನು ಹೋಲಿಸಿ ನೋಡುವುದು ಒಳ್ಳೆಯದೇ. ಎಲ್ಲವೂ ಯಾವುದರಲ್ಲಿ ಒಂದಾಗುತ್ತವೆಯೋ ಅದನ್ನು ಹಿಡಿಯಿರಿ. ನೀರು ಯಾವ ಕಡೆಯಿಂದ ಬರುತ್ತದೆ, ದಾರಿ ಎಲ್ಲಿ ತಗ್ಗುತ್ತದೆ ಎಂಬುದನ್ನು ಅವು ಚೆನ್ನಾಗಿಯೇ ಹೇಳುತ್ತವೆ. ಎಲ್ಲಿ ಭೇದವಿದೆಯೋ ಅಲ್ಲಿ ನಿಮಗೆ ಇಷ್ಟವಾದ ಅಂಕಿಯನ್ನು ಆರಿಸಿಕೊಳ್ಳಬೇಡಿರಿ. ಅರ್ಧ ದಿನದ ಕೂಲಿ ಕೊಟ್ಟು ಮಟ್ಟ ಅಳೆಯಿಸಿರಿ. ಅದಕ್ಕೂ ಮೊದಲು ಊರಿನಲ್ಲಿ ಉಳಿದವರನ್ನು ಕೇಳಿರಿ. ಹೋದ ಮಹಾಪೂರದಲ್ಲಿ ನೀರು ಯಾವ ಮೆಟ್ಟಿಲಿಗೆ ಬಂದಿತ್ತು ಎಂಬುದನ್ನು ಅವರು ಮರೆತಿರುವುದಿಲ್ಲ.

ನಾವು ಮೊನ್ನೆ ದಿನ್ನೆಯ ಊರಿನಲ್ಲಿ ಒಂದು ಜಾಗ ನೋಡಿ ಬಂದೆವು. ಮಟ್ಟ ಅಳೆಯಿಸಿಯೇ ಮುಂಗಡ ಕೊಟ್ಟೆವು. ಅಂಕಿಯನ್ನು ಇಲ್ಲಿ ಬರೆಯುವುದಿಲ್ಲ; ಅಕ್ಕನಿಗೆ ಒಪ್ಪಿಗೆಯಾಗಿದೆ ಎಂದಷ್ಟೇ ಹೇಳುತ್ತೇವೆ.